ಅಪ್ಪ ಸಾಣೆ ಹಿಡಿದ ಸ್ಕೇಟು

ಐಸ್ ಹಾಕಿ ಆಡುತ್ತೇನೆ ಅಂದರೆ ನಮ್ಮ ಕಡೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನೆತ್ತಿಯ ಮೇಲಿನ ಬಿಸಿಲು ನೋಡುತ್ತಾರೆ. ಒಮ್ಮೆ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಯಜಮಾನರೊಬ್ಬರು ನನ್ನ ಉದ್ದನೆಯ ಚೀಲ ಮುಟ್ಟಿ, "ಏನವ್ವ ಇದು, ಗಳಾನಾ?" ಅಂದರು. ಹಾಕಿ ಕೋಲು ಅಂದೆ. "ಓ, ಕೊಡಗಿನೋರಾ?" ಅಲ್ಲ, ಹನಗೋಡಿನ ಕಡೆಯವಳು, ಇದು ಐಸಿನ ಮೇಲೆ ಆಡುವ ಹಾಕಿ ಅಂದೆ. "ನಮ್ ಕಡೆ ಐಸು ಎಲ್ಲದೆ ಕಣವ್ವ, ಕ್ಯಾಂಡಿ ಡಬ್ಬದಾಗಾ?" ಅಂತ ಅವರು ನಕ್ಕರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಎಚ್.ಡಿ. ಕೋಟೆ ಬಸ್ಸು ಬಂದು ಅವರೆಲ್ಲ ಹತ್ತಿಕೊಂಡು ಹೋಗುವ ತನಕ ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ.

ನನಗೆ ಸಿಟ್ಟು ಬೇಗ ಬರುತ್ತದೆ. ಅದನ್ನು ಮುಚ್ಚಿಟ್ಟು ಒಳ್ಳೆಯ ಹುಡುಗಿಯ ಹಾಗೆ ಬರೆಯಲು ನನಗೆ ಬರುವುದಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ರಾಜ್ಯದ ಹುಡುಗಿಯರ ತಂಡದ ಜೊತೆ ರಾಷ್ಟ್ರೀಯ ಜೂನಿಯರ್ ಐಸ್ ಹಾಕಿ ಪಂದ್ಯಾವಳಿಗೆ ಹೋಗಿದ್ದೆ. ಹೋಗಿ ಸೋತು ಬಂದೆ. ಸೋತ ಕತೆಯನ್ನು ಯಾಕೆ ಹೇಳುತ್ತೀಯ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಗೆದ್ದವರ ಕತೆ ಹೇಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ.

ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಹೊಳೆಯ ಹತ್ತಿರ ಸ್ವಲ್ಪ ಗದ್ದೆ, ಮೇಲುಗಡೆ ಸೊಪ್ಪಿನ ಹೊಲ, ಹೊಲದ ಅಂಚಿಗೆ ಸೊಪ್ಪು ಬೇಯಿಸುವ ಬ್ಯಾರನ್. ಬ್ಯಾರನ್ನಿಗೆ ಸೌದೆ ಬೇಕು, ಸೌದೆಗೆ ಕೊಡಲಿ ಬೇಕು, ಕೊಡಲಿಗೆ ಸಾಣೆ ಬೇಕು. ಆ ಸಾಣೆಯಲ್ಲಿ ನಮ್ಮಪ್ಪನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಊರಿನ ಕುಲುಮೆಯ ಆಚಾರಿಯೇ ಒಳ್ಳೆಯ ಮಚ್ಚು ಬಂದರೆ ಅಪ್ಪನಿಗೆ ಹೇಳಿ ಕಳಿಸುತ್ತಿದ್ದ. ಅಪ್ಪ ಹೋಗಿ ಸಾಣೆಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಮಾತು ನಿಲ್ಲುತ್ತಿತ್ತು. ಮುಗಿದ ಮೇಲೆ ಹೆಬ್ಬೆರಳನ್ನು ಮಚ್ಚಿನ ಬಾಯಿಯ ಮೇಲೆ ಅಡ್ಡಲಾಗಿ ಆಡಿಸಿ ತಲೆದೂಗುತ್ತಿದ್ದ. ಅದು ಅವನ ಸಹಿ. ಅದಾದ ಮೇಲೆ ಆ ಮಚ್ಚಿನ ಬಗ್ಗೆ ಯಾರೂ ಕೊಂಕು ತೆಗೆಯುತ್ತಿರಲಿಲ್ಲ.

ನನ್ನ ಕೈಗೆ ಹಾಕಿ ಕೋಲು ಕೊಟ್ಟವರು ಹೈಸ್ಕೂಲಿನ ಪಿ.ಟಿ. ಮೇಡಂ. ಅವರು ಕೊಡಗಿನವರು. ವರ್ಗವಾಗಿ ನಮ್ಮ ಕಡೆ ಬಂದಾಗ ತಮ್ಮ ಮನೆಯಿಂದ ನಾಲ್ಕು ಹಳೆಯ ಕೋಲು ತಂದಿದ್ದರು. ಲಂಟಾನ ಬೇಲಿಯ ಒಳಗಿದ್ದ, ಒಂದು ಕಡೆಗೆ ಇಳಿಜಾರಾದ ಮೈದಾನದಲ್ಲಿ ನಮ್ಮನ್ನು ಓಡಿಸಿ ಓಡಿಸಿ ಆಡಿಸಿದರು. ಒಂದು ವರ್ಷ ಜಿಲ್ಲಾ ಕ್ರೀಡಾಕೂಟದಲ್ಲಿ ಅವರಿಗೆ ಮೈಸೂರಿನ ಸ್ಕೇಟಿಂಗ್ ಕೋಚ್ ಒಬ್ಬರ ಪರಿಚಯವಾಯಿತು. ಐಸ್ ಹಾಕಿಗೆ ಹುಡುಗಿಯರ ತಂಡ ಕಟ್ಟಬೇಕು, ಚಕ್ರದ ಮೇಲೆ ಓಡುವ ಹುಡುಗಿಯರು ಇದ್ದಾರೆ, ಕೋಲು ಹಿಡಿಯಲು ಬರುವವರು ಇಲ್ಲ ಎಂದು ಆ ಕೋಚ್ ಗೋಳಾಡಿದರಂತೆ. ಮೇಡಂ ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದರು.

"ಇವಳ ಕೈ ನಾನು ತಯಾರು ಮಾಡಿದೀನಿ ಸರ್. ಕಾಲು ನೀವು ಮಾಡಿ."

ಹಾಗೆ ಶುರುವಾಯಿತು. ಭಾನುವಾರ ಬೆಳಗಿನ ಬಸ್ಸಿಗೆ ಮೈಸೂರು. ಉಳಿದ ದಿನ ಕಟ್ಟೆಮಳಲವಾಡಿ ಕಡೆಯ ಒಂದು ಹಳೆಯ ಸೊಪ್ಪಿನ ಗೋಡೌನು. ಹರಾಜಿನ ಕಾಲ ಬಿಟ್ಟರೆ ಅದು ಖಾಲಿ ಬಿದ್ದಿರುತ್ತಿತ್ತು. ಎಷ್ಟೋ ವರ್ಷ ಸೊಪ್ಪಿನ ಮೂಟೆಗಳನ್ನು ಎಳೆದು ಎಳೆದು ಅದರ ಸಿಮೆಂಟು ನೆಲ ನುಣ್ಣಗಾಗಿತ್ತು. ಕಾವಲುಗಾರ ಅಪ್ಪನಿಗೆ ಬೇಕಾದವನು. ನಾನು ಕಡ್ಡಿ ಪೊರಕೆಯಲ್ಲಿ ಸೊಪ್ಪಿನ ಪುಡಿ ಗುಡಿಸಿ, ಒಂದೇ ಸಾಲಿಗೆ ನಾಲ್ಕು ಚಕ್ರ ಇರುವ ಸ್ಕೇಟು ಕಟ್ಟಿಕೊಂಡು, ಗೋಡೆಯಿಂದ ಗೋಡೆಗೆ ಓಡುತ್ತಿದ್ದೆ. ಅವನು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ನಾನು ಎಷ್ಟು ಸಲ ಬಿದ್ದೆ ಎಂದು ಜೋರಾಗಿ ಎಣಿಸುತ್ತಿದ್ದ. ಮೈಗೆ, ಬಟ್ಟೆಗೆ, ತಲೆಗೂದಲಿಗೆ ಸೊಪ್ಪಿನ ಘಾಟು ಹತ್ತುತ್ತಿತ್ತು. ಮೈಸೂರಿನ ಹುಡುಗಿಯರು ಮೂಗು ಮುರಿದರು. ಮುರಿಯಲಿ ಅಂತ ನಾನು ಅವರ ಪಕ್ಕದಲ್ಲೇ ಹೋಗಿ ಕೂರುತ್ತಿದ್ದೆ.

ಎರಡು ವರ್ಷದಲ್ಲಿ ನಾನು ತಂಡದಲ್ಲಿ ಗೋಲು ಹೊಡೆಯುವವಳಾದೆ. ಅಷ್ಟಾದರೂ ನಮ್ಮಲ್ಲಿ ಹೆಚ್ಚಿನವರು ಐಸನ್ನು ಕಾಲಲ್ಲಿ ಮುಟ್ಟಿರಲಿಲ್ಲ. ರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯಾಗಿದ್ದೇನೆ ಎಂದು ಫೋನು ಬಂದಾಗ ನಾನು ಮೊದಲು ಹೇಳಿದ್ದು ಅವ್ವನಿಗೆ. ಅವ್ವ ಸೊಪ್ಪು ವಿಂಗಡಿಸುತ್ತಿದ್ದವಳು ಕೈ ನಿಲ್ಲಿಸಿ, "ನಿಮ್ ದೊಡ್ಡಪ್ಪುನ್ಗೆ ಯಾರೇಳ್ತಾರೆ?" ಅಂದಳು.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ನಮ್ಮ ಪಕ್ಕದ ಮನೆಯವರು. ತಾತ ಹೋದಾಗ ಅಪ್ಪನಿಗೆ ಎಂಟು ವರ್ಷ. ಸಾಕಿದವರು, ಓದಿಸಿದವರು, ಮದುವೆ ಮಾಡಿದವರು ದೊಡ್ಡಪ್ಪನೇ. ಯಾವ ಹೊಲಕ್ಕೆ ಯಾವ ಸಸಿ, ಬ್ಯಾರನ್ನಿಗೆ ಯಾವತ್ತು ಬೆಂಕಿ, ಯಾರ ಮನೆಯ ಹೆಣ್ಣು ತರಬೇಕು, ಎಲ್ಲವೂ ಅವರ ಬಾಯಿಂದಲೇ ಬರಬೇಕು. ಅದಕ್ಕೆ ಅಪ್ಪನ ಉತ್ತರ ಒಂದೇ: "ಆಯ್ತಣ್ಣ." ನನಗೆ ತಿಳಿದಾಗಿನಿಂದ ಬೇರೆ ಉತ್ತರ ಕೇಳಿದ್ದಿಲ್ಲ. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವರು. ಆದರೆ ದೊಡ್ಡವಳಾದ ಮೇಲೂ ಹೆಗಲ ಮೇಲೇ ಕೂರಬೇಕು ಅಂದರೆ ಹೇಗೆ?

ಅವರು ಜಗಲಿಯ ಮೇಲೆ ಕೂತು ವಿಷಯ ಕೇಳಿದರು. ಮಾರ್ಚಿಗೆ ಸೆಕೆಂಡ್ ಪಿಯುಸಿ ಪರೀಕ್ಷೆ. ಅದಾದ ಮೇಲೆ ಪಿರಿಯಾಪಟ್ಟಣದ ಕಡೆಯಿಂದ ಯಾರೋ ನನ್ನನ್ನು ನೋಡಲು ಬರುವ ಮಾತು ಅವರ ತಲೆಯಲ್ಲಿತ್ತು.

"ಓಗ್ಲಿ ಬುಡು," ಅಂದರು ಕೊನೆಗೆ. "ಆಸೆ ಪಡ್ತಾವ್ಳೆ. ಇದೊಂದು ಸಲ. ಬಂದ ಮ್ಯಾಲೆ ಆ ಕೋಲ ಅಟ್ಟಕ್ಕೆ ಆಕ್ಬೇಕು. ಆಮ್ಯಾಕೆ ಈ ಮಾತು ನನ್ ಕಿವಿಗೆ ಬೀಳ್ಬಾರ್ದು."

"ಆಯ್ತಣ್ಣ," ಅಂದ ಅಪ್ಪ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಹೋಗಲು ಬಿಟ್ಟರಲ್ಲ ಎಂಬ ಖುಷಿಗಿಂತ "ಇದೊಂದು ಸಲ" ಎಂಬ ಮಾತೇ ಕಿವಿಯಲ್ಲಿ ಉಳಿಯಿತು. ಅಲ್ಲಿ ಹೋಗಿ ಗೋಲು ಹೊಡೆಯಬೇಕು, ಅದು ಪೇಪರಿನಲ್ಲಿ ಬರಬೇಕು, ಆಮೇಲೆ ದೊಡ್ಡಪ್ಪ ಹೇಗೆ ಬೇಡ ಅನ್ನುತ್ತಾರೋ ನೋಡೋಣ ಎಂದು ಆವತ್ತೇ ತೀರ್ಮಾನಿಸಿದೆ. ಗೋಲು ಹೊಡೆಯದೆ ಬಂದರೆ ಕೋಲು ಅಟ್ಟಕ್ಕೆ, ನಾನು ಪಿರಿಯಾಪಟ್ಟಣಕ್ಕೆ.

ಹೊರಡುವುದಕ್ಕೆ ಹತ್ತು ದಿನ ಇರುವಾಗ ಕೋಚ್ ನನಗೆ ಐಸ್ ಸ್ಕೇಟು ಕೊಟ್ಟರು. ಹಿಂದೆ ಯಾರೋ ಆಡಿ ಬಿಟ್ಟದ್ದು. ಬೂಟು ಗಟ್ಟಿಮುಟ್ಟಾಗಿತ್ತು, ಅಡಿಯ ಉಕ್ಕಿನ ಪಟ್ಟಿಗೆ ಮಾತ್ರ ತುಕ್ಕು ಹಿಡಿದಿತ್ತು. "ಅಲ್ಲಿಗೆ ಹೋದ ಮೇಲೆ ಶಾರ್ಪ್ ಮಾಡಿಸ್ಕೋ" ಎಂದಿದ್ದರು. ಮನೆಗೆ ತಂದು ನಡುಮನೆಯಲ್ಲಿ ಇಟ್ಟೆ. ಮಾರನೆಯ ದಿನ ಕಾಲೇಜಿನಿಂದ ಬಂದು ನೋಡಿದರೆ ಸ್ಕೇಟು ಇಲ್ಲ.

ಅಪ್ಪ ಅವನ್ನು ಕುಲುಮೆಗೆ ಒಯ್ದಿದ್ದ. ಸಂಜೆ ಬಂದವನ ಕಂಕುಳಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಗಂಟು. ಬಿಚ್ಚಿದ. ಎರಡು ಪಟ್ಟಿಗಳೂ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಮತ್ತೆ ತುಕ್ಕು ಹಿಡಿಯಬಾರದೆಂದು ಹರಳೆಣ್ಣೆ ಸವರಿದ್ದ.

"ಯಾರವ್ವ ಇದುನ್ ಇಟ್ಕಂಡಿದ್ದೋರು? ಸವ್ಸಿ ಸವ್ಸಿ ಬಾಯಿ ಮಧ್ಯ ಹಳ್ಳ ಬಿದ್ದೋಗಿತ್ತು. ನಾನೂ ಆಚಾರೀನೂ ಮಧ್ಯಾನ್ದಿಂದ ಕೂತ್ಕಂಡು ಎರಡು ಕಡೀಕೂ ತೇದು ಸರಿ ಮಾಡ್ದೋ. ನೋಡು ಈಗ."

ಹಿತ್ತಿಲಿನಿಂದ ಬಾಳೆ ದಿಂಡು ತಂದು, ಸ್ಕೇಟನ್ನು ತಲೆಕೆಳಗು ಮಾಡಿ ಹಿಡಿದು, ದಿಂಡನ್ನು ಅದರ ಮೇಲೆ ಎಳೆದ. ದಿಂಡು ಎರಡು ಹೋಳಾಗಿ ಬಿತ್ತು. ಅಪ್ಪ ಹೆಬ್ಬೆರಳು ಆಡಿಸಿ ತಲೆದೂಗಿದ. ನಾನು ಚಪ್ಪಾಳೆ ತಟ್ಟಿದೆ. ನಿಜ ಹೇಳಬೇಕು, ಚಪ್ಪಾಳೆ ತಟ್ಟಿದವಳು ನಾನೇ. ಐಸಿನ ಮೇಲೆ ನಿಲ್ಲುವ ಉಕ್ಕಿಗೆ ಹೇಗೆ ಬಾಯಿ ಇರಬೇಕೆಂದು ನನಗೂ ಗೊತ್ತಿರಲಿಲ್ಲ. ಹರಿತವಾಗಿರಬೇಕು ಅಂದರು, ಹರಿತವಾಗಿತ್ತು. ಅದಕ್ಕಿಂತ ಹರಿತ ಇಡೀ ತಾಲ್ಲೂಕಿನಲ್ಲಿ ಸಿಗುತ್ತಿರಲಿಲ್ಲ.

ಮೈಸೂರಿನಿಂದ ರೈಲಿನಲ್ಲಿ ದೆಹಲಿ, ಅಲ್ಲಿಂದ ಎರಡು ದಿನ ಬಸ್ಸಿನಲ್ಲಿ ಹಿಮಾಚಲದ ಮೇಲಿನ ಕಣಿವೆ. ಕೋಚ್ ಮೈಸೂರಿನಲ್ಲೇ ಉಳಿದರು. ತಂಡದ ಜೊತೆ ಬಂದವರು ಬೆಂಗಳೂರಿನ ಮ್ಯಾನೇಜರ್ ಒಬ್ಬರು. ಮೇಲೆ ತಲುಪಿದಾಗ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬಯಲಿಗೆ ನೀರು ಬಿಟ್ಟು ಹೆಪ್ಪುಗಟ್ಟಿಸಿದ ಅಂಕಣ, ಸುತ್ತ ಮರದ ಹಲಗೆಯ ಬೇಲಿ, ಅದರಾಚೆ ಬೋಳು ಬೆಟ್ಟ. ಚಳಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅವ್ವ ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿತ್ತು, ಅಷ್ಟು ಸಾಕು.

ಮೊದಲ ದಿನದ ಅಭ್ಯಾಸಕ್ಕೆ ನಾನು ಎಲ್ಲರಿಗಿಂತ ಮುಂಚೆ ಇಳಿದೆ. ಎರಡು ಹೆಜ್ಜೆ ನೆಟ್ಟಗೆ ಹೋದೆ. ಆಹಾ ಅನ್ನಿಸಿತು. ತಿರುಗೋಣ ಎಂದು ಮೈ ಬಾಗಿಸಿದೆ, ಕಾಲಡಿಯಿಂದ ನೆಲವನ್ನೇ ಎಳೆದುಕೊಂಡ ಹಾಗೆ ಧೊಪ್ಪೆಂದು ಬಿದ್ದೆ. ಎದ್ದೆ, ಬಿದ್ದೆ. ನನ್ನ ಜೊತೆಯವರೂ ಬೀಳುತ್ತಿದ್ದರು, ಆದರೆ ಅರ್ಧ ಗಂಟೆಯಲ್ಲಿ ಅವರಿಗೆ ತಿರುಗಲು ಬಂತು. ನನಗೆ ಬರಲಿಲ್ಲ. ಮ್ಯಾನೇಜರ್ ಕರೆದು ನನ್ನ ಸ್ಕೇಟು ಬಿಚ್ಚಿಸಿ, ಬಿಸಿಲಿಗೆ ಹಿಡಿದು ನೋಡಿ, ನಗಲು ಶುರು ಮಾಡಿದರು.

"ಏನಮ್ಮ ಇದು? ತರಕಾರಿ ಹೆಚ್ಚೋಕೆ ತಂದಿದೀಯಾ?"

ಆಗ ನನಗೆ ಮೊದಲ ಸಲ ಗೊತ್ತಾಯಿತು. ಐಸ್ ಸ್ಕೇಟಿನ ಪಟ್ಟಿಗೆ ಒಂದು ಬಾಯಿ ಅಲ್ಲ, ಎರಡು. ಪಟ್ಟಿಯ ಉದ್ದಕ್ಕೂ ನಡುವೆ ಸಣ್ಣ ಹಳ್ಳ ಇರುತ್ತದೆ, ಹಳ್ಳದ ಎಡಕ್ಕೊಂದು ಬಲಕ್ಕೊಂದು ಅಂಚು. ಎಡಕ್ಕೆ ತಿರುಗುವಾಗ ಒಂದು ಅಂಚು ಐಸನ್ನು ಕಚ್ಚುತ್ತದೆ, ಬಲಕ್ಕೆ ಇನ್ನೊಂದು. ಅಪ್ಪ ಸವೆತ ಅಂದುಕೊಂಡದ್ದು ಆ ಹಳ್ಳವನ್ನೇ. ಇಡೀ ಮಧ್ಯಾಹ್ನ ಕೂತು, ಪ್ರೀತಿಯಿಂದ, ಆ ಎರಡೂ ಅಂಚುಗಳನ್ನು ತೇದು ತೆಗೆದಿದ್ದ. ಈಗ ಉಳಿದಿದ್ದು ನಟ್ಟನಡುವೆ ಒಂದು ಬಾಯಿ, ಕೊಡಲಿಯದ್ದು.

"ಯಾರು ಮಾಡಿದ್ದು?" ಎಂದು ಕೇಳಿದರು. ಹುಡುಗಿಯರೆಲ್ಲ ಸುತ್ತ ನಿಂತು ನಗುತ್ತಿದ್ದರು.

"ಮೈಸೂರಲ್ಲಿ ಒಂದು ಅಂಗಡಿಯವರು," ಅಂದೆ.

ಈ ಸುಳ್ಳು ಹೇಳಿದ ನಾಲಿಗೆ ನನ್ನದೇ. ಯಾರೂ ಹೆದರಿಸಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ನಾಚಿಕೆ ಆಯಿತು, ಅಪ್ಪನನ್ನು ಬಚ್ಚಿಟ್ಟೆ.

ಪಂದ್ಯಾವಳಿಗೆ ಸ್ಕೇಟು ಸಾಣೆ ಹಿಡಿಯಲು ಅಲ್ಲಿನವರೇ ಒಬ್ಬರು ಸಣ್ಣ ಯಂತ್ರ ಇಟ್ಟುಕೊಂಡು ಕೂತಿದ್ದರು. ತಿರುಗಿಸಿ ಮುರುಗಿಸಿ ನೋಡಿ ತಲೆ ಅಲ್ಲಾಡಿಸಿದರು. ಮತ್ತೆ ಹಳ್ಳ ತೆಗೆಯಲು ಉಕ್ಕು ಉಳಿದಿಲ್ಲ, ಬಾಯಿಯ ತುದಿಯನ್ನು ಚಪ್ಪಟೆ ಮಾಡಿಕೊಡಬಲ್ಲೆ, ಆದರೆ ಅದು ಕಚ್ಚುವುದಿಲ್ಲ, ಬರೀ ಜಾರುತ್ತದೆ ಎಂದರು. ಮಾಡಿ ಅಂದೆ. ನನ್ನ ಅಳತೆಯ ಬೇರೆ ಸ್ಕೇಟು ತಂಡದಲ್ಲಿ ಇರಲಿಲ್ಲ.

"ಬೇಜಾರು ಮಾಡ್ಕೋಬೇಡ," ಅಂದರು ಮ್ಯಾನೇಜರ್. "ಬೆಂಚಲ್ಲಿ ಕೂತಿರು. ಆಡದಿದ್ರೂ ಸರ್ಟಿಫಿಕೇಟ್ ಬರುತ್ತೆ."

"ನಾನು ಸರ್ಟಿಫಿಕೇಟಿಗೆ ಬಂದಿಲ್ಲ ಸರ್."

"ಮತ್ತೆ ಇನ್ನೇನಕ್ಕೆ? ಗೆಲ್ಲೋಕಾ?" ಅಂತ ಮತ್ತೆ ನಕ್ಕರು. ಅವರ ನಗುವಿನಲ್ಲಿ ದ್ವೇಷ ಇರಲಿಲ್ಲ. ಅದೇ ನನ್ನನ್ನು ಇನ್ನೂ ಕೆರಳಿಸಿತು. ನಾನು ಅವರ ಕಣ್ಣಿಗೆ ಜಗಳವಾಡುವಷ್ಟೂ ದೊಡ್ಡವಳಾಗಿರಲಿಲ್ಲ.

ಎರಡನೆಯ ದಿನ ನಮ್ಮ ಗೋಲ್ ಕೀಪರ್ ಹುಡುಗಿಗೆ ಎತ್ತರದ ಗಾಳಿ ಹಿಡಿಸದೆ ವಾಂತಿ, ತಲೆನೋವು. ಡಾಕ್ಟರು ಅವಳನ್ನು ಕೆಳಗೆ ಕಳಿಸಿದರು. ಸಂಜೆ ಮ್ಯಾನೇಜರ್ ಎಲ್ಲರನ್ನೂ ಕೂರಿಸಿ ಗೋಲಿನಲ್ಲಿ ಯಾರು ನಿಲ್ಲುತ್ತೀರಿ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಆಟದ ಚೆಂಡು ಅಂದರೆ ಕರಿಯ ರಬ್ಬರಿನ ಬಿಲ್ಲೆ. ಪಕ್ ಅನ್ನುತ್ತಾರೆ. ಅಲ್ಲಿನ ಬೆಟ್ಟದ ತಂಡಗಳ ಹುಡುಗಿಯರು ಅದನ್ನು ಹೊಡೆದರೆ ಮರದ ಬೇಲಿಗೆ ತಾಗಿದ ಸದ್ದು ನಮ್ಮ ರೂಮಿನ ತನಕ ಕೇಳುತ್ತಿತ್ತು.

"ನಾನು ನಿಲ್ತೀನಿ," ಅಂದೆ.

"ನಿನಗೆ ನಿಲ್ಲೋಕೇ ಬರಲ್ವಲ್ಲಮ್ಮ."

"ತಿರುಗೋಕೆ ಬರಲ್ಲ ಸರ್. ಗೋಲಲ್ಲಿರೋರು ಸುತ್ತು ಹಾಕಬೇಕಾಗಿಲ್ವಲ್ಲ. ಎಡಕ್ಕೂ ಬಲಕ್ಕೂ ಜಾರಿದ್ರೆ ಸಾಕು. ನನ್ನ ಸ್ಕೇಟು ಜಾರೋದು ಬಿಟ್ಟು ಬೇರೇನೂ ಮಾಡಲ್ಲ."

ಅವರು ಕೀಪರಿನ ಹೆಲ್ಮೆಟ್ಟನ್ನು ನನ್ನ ಕಡೆ ತಳ್ಳಿದರು. ಬೇರೆ ದಾರಿಯೂ ಇರಲಿಲ್ಲ.

ಗೋಲು ಹೊಡೆಯಲು ಬಂದವಳು ಗೋಲು ಕಾಯುವವಳಾದೆ. ಪೇಪರಿನ ಆಸೆ ಅಲ್ಲಿಗೆ ಮುಗಿಯಿತು, ದೊಡ್ಡಪ್ಪನ ಬಾಯಿ ಮುಚ್ಚಿಸುವ ಗೋಲು ಇನ್ನು ನನ್ನ ಕೈಲಿ ಬರುವುದಿಲ್ಲ ಎಂದು ಗೊತ್ತಾಯಿತು. ಆದರೆ ಐಸಿನ ಮೇಲೆ ನಿಲ್ಲದೆ ಊರಿಗೆ ಹೋಗುವುದಿಲ್ಲ ಎಂಬ ಹಟ ಹಿಡಿದಿತ್ತು. ಅದನ್ನು ಯಾವ ದೊಡ್ಡ ಹೆಸರಿನಿಂದಲೂ ಕರೆಯಬೇಡಿ. ಹಟ, ಅಷ್ಟೇ.

ಮೊದಲ ಪಂದ್ಯದ ಬೆಳಿಗ್ಗೆ ನಾನು ಕೀಪರಿನ ದಪ್ಪ ಪ್ಯಾಡು ಕಟ್ಟಿಕೊಳ್ಳುತ್ತಿದ್ದೆ. ಪಕ್ಕದಲ್ಲೇ ಮ್ಯಾನೇಜರ್ ಬೇರೆ ರಾಜ್ಯದ ಇಬ್ಬರು ಕೋಚ್‌ಗಳಿಗೆ ನನ್ನ ಸ್ಕೇಟಿನ ಕತೆ ಹೇಳಿ ನಗಿಸುತ್ತಿದ್ದರು. ಮೈಸೂರಿನ ಯಾವನೋ ದಡ್ಡ ಅಂಗಡಿಯವನು ಹೀಗೆ ಮಾಡಿದ್ದಾನೆ ಎಂದು ಹಿಂದಿಯಲ್ಲಿ ಹೇಳಿದರು. ದಡ್ಡ ಎಂಬ ಮಾತು ನನಗೆ ಅರ್ಥವಾಯಿತು. ಎದ್ದು ನಿಂತೆ.

"ಅಂಗಡಿಯವರಲ್ಲ ಸರ್. ನಮ್ಮಪ್ಪ. ನಾನು ಮೊನ್ನೆ ಸುಳ್ಳು ಹೇಳಿದೆ."

ಕನ್ನಡದಲ್ಲೇ ಹೇಳಿದೆ. ಆಮೇಲೆ ಹರುಕುಮುರುಕು ಹಿಂದಿಯಲ್ಲಿ ಆ ಇಬ್ಬರಿಗೂ ಹೇಳಿದೆ: ನನ್ನ ತಂದೆ ಕೊಡಲಿ ಸಾಣೆ ಹಿಡಿಯುತ್ತಾರೆ, ನಮ್ಮ ಕಡೆ ಅವರಷ್ಟು ಚೆನ್ನಾಗಿ ಹಿಡಿಯುವವರು ಇಲ್ಲ, ಅವರು ಐಸ್ ನೋಡಿಲ್ಲ, ನೀವು ಹೊಗೆಸೊಪ್ಪು ನೋಡಿದ್ದೀರಾ? ಕೊನೆಯ ಪ್ರಶ್ನೆ ಯಾಕೆ ಕೇಳಿದೆನೋ ಗೊತ್ತಿಲ್ಲ, ಬಂತು, ಕೇಳಿದೆ. ಒಬ್ಬರು ಇಲ್ಲ ಎಂದು ಗಂಭೀರವಾಗಿ ತಲೆ ಆಡಿಸಿದರು. ಮ್ಯಾನೇಜರ್ ಮುಖ ಕೆಂಪಾಯಿತು. ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದೆ.

ಆವತ್ತು ಹನ್ನೊಂದು ಗೋಲು ಬಿದ್ದವು. ನಮ್ಮದು ಸೊನ್ನೆ. ಎದುರಿಗಿದ್ದವರು ನಡೆಯಲು ಕಲಿತಾಗಿನಿಂದ ಐಸಿನ ಮೇಲಿದ್ದ ಹುಡುಗಿಯರು. ಅವರು ಬರುವುದು ಕಾಣುತ್ತಿತ್ತು, ಹೊಡೆಯುವುದು ಕಾಣುತ್ತಿರಲಿಲ್ಲ. ಆದರೂ ಎಷ್ಟೋ ಹೊಡೆತ ತಡೆದೆ. ಕಾಲಲ್ಲಿ, ಎದೆಯಲ್ಲಿ, ಒಂದು ಸಲ ಕುತ್ತಿಗೆಯ ಪಕ್ಕದಲ್ಲಿ. ಚಪ್ಪಟೆ ಬಾಯಿಯ ಸ್ಕೇಟು ಹೇಳಿದ ಮಾತು ಕೇಳಿತು. ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಐದನೆಯ ಗೋಲು ಬಿದ್ದಾಗ ಮ್ಯಾನೇಜರ್ ಬೇಲಿಯ ಹತ್ತಿರ ಬಂದು, "ಸಾಕಾ? ಬೇರೆಯವರನ್ನ ಹಾಕಲಾ?" ಎಂದು ಕೇಳಿದರು. ಬೇಡ ಎಂದು ಕೋಲು ಎತ್ತಿ ತೋರಿಸಿದೆ. ಎಂಟನೆಯದಕ್ಕೆ ಅವರು ಕೇಳಲಿಲ್ಲ.

ಇನ್ನೆರಡು ಪಂದ್ಯ ಆಡಿದೆವು. ಅವನ್ನೂ ಸೋತೆವು. ಆದರೆ ಬೀಳುವ ಗೋಲು ಕಡಿಮೆಯಾಗುತ್ತಾ ಬಂತು, ಕೊನೆಯದರಲ್ಲಿ ನಾಲ್ಕೇ ಬಿದ್ದವು, ನಮ್ಮವರೂ ಒಂದು ಹೊಡೆದರು. ಆ ಒಂದು ಗೋಲಿಗೆ ನಾವು ಕುಣಿದ ಕುಣಿತ ನೋಡಿ ಗೆದ್ದ ತಂಡದವರಿಗೆ ಗೆದ್ದವರು ಯಾರೆಂದು ಗಾಬರಿಯಾಗಿರಬೇಕು. ಕೈ ಕುಲುಕುವಾಗ ಬೆಟ್ಟದ ಹುಡುಗಿಯೊಬ್ಬಳು ಚೆನ್ನಾಗಿ ತಡೆದೆ ಅನ್ನುವ ಹಾಗೆ ನನ್ನ ಪ್ಯಾಡಿಗೆ ತನ್ನ ಕೋಲಿನಿಂದ ಎರಡು ಸಲ ತಟ್ಟಿದಳು. ನನ್ನ ಕಣ್ಣಲ್ಲಿ ನೀರು ಬಂತು. ಹೆಲ್ಮೆಟ್ ಇದ್ದದ್ದು ಒಳ್ಳೆಯದೇ ಆಯಿತು.

ವಾಪಸು ಬರುವ ರೈಲಿನಲ್ಲಿ ನನಗೆ ಒಂದೇ ಚಿಂತೆ. ಅಪ್ಪನಿಗೆ ಹೇಳಬೇಕೋ ಬೇಡವೋ. ಫೋನಿನಲ್ಲಿ ಮೇಡಮ್ಮನ್ನು ಕೇಳಿದೆ. "ಹೇಳಬೇಡ, ಪಾಪ, ಕೊರಗ್ತಾರೆ" ಎಂದರು. ಅವ್ವನಿಗೂ ತಿಳಿಸಿದೆ. "ಏಳ್ಬ್ಯಾಡ ಕಣೆ, ಮೂರು ದಿನ ಉಣ್ಣಾಕಿಲ್ಲ ಅವ್ನು" ಅಂದಳು. ಇಬ್ಬರ ಮಾತೂ ಸರಿಯೇ. ಆದರೆ ಒಮ್ಮೆ ಅಪ್ಪನನ್ನು ಬಚ್ಚಿಟ್ಟವಳು ನಾನು. ಇನ್ನೊಂದು ಸಲ, ಅದೂ ಅವನಿಂದಲೇ, ಬಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಅವನೇನು ಮಗುವಾ?

ಅಪ್ಪ ಹುಣಸೂರಿಗೆ ಮೊಪೆಡ್ಡಿನಲ್ಲಿ ಬಂದಿದ್ದ. ಚೀಲವನ್ನು ಮುಂದೆ ಕಾಲಿನ ಹತ್ತಿರ ಇಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ. ಸ್ವಲ್ಪ ದೂರ ಹೋದ ಮೇಲೆ ತಲೆಯನ್ನು ಅರ್ಧ ತಿರುಗಿಸಿ ಕೇಳಿದ.

"ಸಾಣೆ ಎಂಗಿತ್ತು ಮಗ?"

ಹನಗೋಡಿನ ಹೊಳೆಯ ಹತ್ತಿರ ನಿಲ್ಲಿಸು ಅಂದೆ. ನಿಲ್ಲಿಸಿದ. ಚೀಲದಿಂದ ಸ್ಕೇಟು ತೆಗೆದು ಅವನ ಕೈಗೆ ಕೊಟ್ಟು ಎಲ್ಲ ಹೇಳಿದೆ. ಹಳ್ಳ, ಎರಡು ಅಂಚು, ನಾನು ಬಿದ್ದದ್ದು, ನಾನು ಹೇಳಿದ ಸುಳ್ಳು, ಆಮೇಲೆ ಹೇಳಿದ ನಿಜ, ಹನ್ನೊಂದು ಗೋಲು. ಅಪ್ಪ ಚಪ್ಪಟೆಯಾದ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ. ಈ ಸಲ ತಲೆದೂಗಲಿಲ್ಲ.

"ಹಳ್ಳ ಇರ್ಬೇಕಿತ್ತಾ?"

"ಹೂಂ."

"ನಾನು ಸವ್ದೋಗದೆ ಅನ್ಕಂಡೆ."

"ನಾನೂ ಅದೇ ಅಂದ್ಕೊಂಡೆ ಅಪ್ಪ. ಚಪ್ಪಾಳೆ ತಟ್ಟಿದ್ದೆ."

ಸ್ಕೇಟನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ಆ ರಾತ್ರಿ ಅವನು ಉಣ್ಣಲಿಲ್ಲ. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು.

ಮಾರನೆಯ ದಿನ ಹನ್ನೊಂದು ಗಂಟೆಗೆ ದೊಡ್ಡಪ್ಪ ಬಂದರು. ಜಗಲಿಯ ಮೇಲೆ ಕೂತರು. ಅಪ್ಪ ಕಂಬಕ್ಕೆ ಒರಗಿ ನಿಂತ. ಸೋತ ಸುದ್ದಿ ಮೊಬೈಲಿನಲ್ಲಿ ನನಗಿಂತ ಮುಂಚೆ ಊರು ಸೇರಿತ್ತು.

"ಓಗಿದ್ದೂ ಆಯ್ತು, ಬಂದಿದ್ದೂ ಆಯ್ತು," ಅಂದರು. "ಹನ್ನೊಂದು ಗೋಲು ತಿನ್ಕಂಡು ಬಂದವ್ಳಂತೆ. ಊರೋರೆಲ್ಲ ಕೇಳ್ತಾವ್ರೆ. ಓಗ್ಲಿ ಬುಡು, ಆಸೆ ತೀರ್ತಲ್ಲ. ಆ ಕೋಲ ಅಟ್ಟಕ್ಕೆ ಆಕವ್ವ, ಓದ್ಕೋ ಓಗು."

"ಹಾಕಲ್ಲ ದೊಡ್ಡಪ್ಪ," ಅಂದೆ. "ಬರೋ ವರ್ಷನೂ ಹೋಗ್ತೀನಿ."

ದೊಡ್ಡಪ್ಪ ನನ್ನ ಕಡೆ ತಿರುಗಲೇ ಇಲ್ಲ. ನನ್ನ ಮಾತಿಗೆ ಉತ್ತರ ಕೊಡಬೇಕಾದವನು ನನ್ನಪ್ಪ ಅನ್ನುವ ಹಾಗೆ ಅವನನ್ನೇ ನೋಡಿದರು.

"ಏನ್ಲಾ ಇದು?"

"ಆಯ್ತಣ್ಣ" ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ಕಾದೆ. ಬರಲಿ, ಅದಕ್ಕೂ ಎದುರು ನಿಲ್ಲುತ್ತೇನೆ ಎಂದುಕೊಂಡಿದ್ದೆ. ಅಪ್ಪ ತಲೆ ತಗ್ಗಿಸಿಕೊಂಡೇ ಬಾಯಿ ಬಿಟ್ಟ.

"ಗೋಲು ತಿಂದೋಳು ಅವಳಲ್ಲ ಕಣಣ್ಣ. ನಾನು ತಿನ್ಸಿದ್ದು. ಅವಳ ಸ್ಕೇಟ್ನ ಕೊಡ್ಲಿ ಅನ್ಕಂಡು ತೇದ್ಬುಟ್ಟೆ. ಆಡಾಕೋದೋಳ ಕಾಲ ನಾನೇ ಕೆಡ್ಸಿ ಕಳ್ಸಿದೆ. ಅಂತಾ ಕಾಲಲ್ಲೂ ಓಗಿ ನಿಂತವ್ಳೆ. ಬುಟ್ಟು ಓಡ್ಬರ್ಲಿಲ್ಲ."

"ಅದ್ಕೆ?"

"ಅದ್ಕೆ ಇನ್ನೊಂದ್ಸಲ ಓಗ್ಲಿ. ಸರಿಯಾದ್ ಕಾಲಲ್ಲಿ ಓಗ್ಲಿ."

"ನಾನ್ ಬ್ಯಾಡ ಅಂದ್ರೆ?"

ಅಪ್ಪ ತಲೆ ಎತ್ತಿದ.

"ನೀನ್ ಬ್ಯಾಡ ಅಂದ್ರೂ ಓಯ್ತಾಳೆ ಕಣಣ್ಣ."

ದೊಡ್ಡಪ್ಪ ಎದ್ದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಅವ್ವ ಆಗ ತಾನೇ ತಂದ ಕಾಫಿಯನ್ನು ಮುಟ್ಟದೆ ಮೆಟ್ಟಿಲು ಇಳಿದು ಹೋದರು. ಸಸಿ ಹಾಕುವ ಕಾಲ ಬರುವ ತನಕ ನಮ್ಮ ಜಗಲಿ ಹತ್ತಲಿಲ್ಲ. ಮುಂದಿನ ಚಳಿಗಾಲದಲ್ಲಿ ನಾನು ಮತ್ತೆ ಹೋದೆ, ಅದರ ಮುಂದಿನದಕ್ಕೂ ಹೋದೆ. ಆದರೆ ಈಗ ಹೇಳುತ್ತಿರುವುದು ಆ ಬೆಳಗಿನ ಮಾತು.

ದೊಡ್ಡಪ್ಪ ಬಿಟ್ಟು ಹೋದ ಕಾಫಿ ಲೋಟವನ್ನು ಅಪ್ಪ ಕೈಗೆ ತೆಗೆದುಕೊಂಡ. ನಲವತ್ತು ದಾಟಿದ ಮನುಷ್ಯ, ಜೀವಮಾನದಲ್ಲಿ ಮೊದಲ ಸಲ ಅಣ್ಣನಿಗೆ ಎದುರಾಡಿದ್ದ. ಲೋಟ ಹಿಡಿದ ಕೈ ಗಡಗಡ ನಡುಗಿ ಕಾಫಿ ಪಂಚೆಯ ಮೇಲೆ ಚೆಲ್ಲುತ್ತಿತ್ತು. ನಾನು ನೋಡುತ್ತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ಅಂಗಳದಲ್ಲಿ ಬರಿಗಾಲು ಇಡಲಾಗದಷ್ಟು ಬಿಸಿಲು ಸುಡುತ್ತಿತ್ತು.

"ಚಳಿ ಕಣವ್ವ," ಅಂದ.